ಬಸುರಿಯ ಮನೆಯಲ್ಲಿ ಬೆಕ್ಕೂ ಇದೆ, ಮೊಲವೂ ಇದೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ನಡುಮನೆ:

ಬಸುರಿ ಅಂತ ಗೊತ್ತಾದ ವಾರವೇ "ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ" ಎನ್ನುವ ಮಾತು ಶುರುವಾಗುತ್ತದೆ. ಮೊಲದ ವಿಷಯ ಬಂದರೆ "ಕೂದಲು ಹೊಟ್ಟೆಗೆ ಹೋದೀತು" ಅನ್ನುವುದೊಂದೇ. ಎರಡನ್ನೂ ಸಾಕಿರುವವರಿಗೆ ಬೇಕಾದ ಖಚಿತ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ ತೆಗೆದಿದ್ದೇನೆ. ತಿಳಿದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಬೆಕ್ಕಿನ ಬಗ್ಗೆ ಇರುವ ಭಯದ ಮೂಲ ಟಾಕ್ಸೊಪ್ಲಾಸ್ಮಾ ಎಂಬ, ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ದಾಟಬಲ್ಲ ಏಕಕೋಶ ಪರಾವಲಂಬಿ. ಸೋಂಕಿರುವ ಇಲಿಯನ್ನೋ ಹಕ್ಕಿಯನ್ನೋ ಹಸಿ ಮಾಂಸವನ್ನೋ ತಿಂದ ಬೆಕ್ಕು 3ರಿಂದ 10 ದಿನಗಳಲ್ಲಿ ಮಲದ ಜೊತೆ ಅದರ ತತ್ತಿಗಳನ್ನು ಹೊರಹಾಕಲು ತೊಡಗುತ್ತದೆ. ದಿನಕ್ಕೆ ಲಕ್ಷಗಟ್ಟಲೆ ತತ್ತಿ ಹೊರಬೀಳಬಹುದು. ಇದು ಒಂದರಿಂದ ಮೂರು ವಾರ ನಡೆದು ನಿಲ್ಲುತ್ತದೆ. ಹೆಚ್ಚಿನ ಬೆಕ್ಕುಗಳ ಬಾಳಿನಲ್ಲಿ ಇದು ಒಂದೇ ಸಲ, ಅದೂ ಬೇಟೆ ಕಲಿಯುವ ಎಳೆ ವಯಸ್ಸಿನಲ್ಲಿ ಆಗಿಹೋಗಿರುತ್ತದೆ.

ನೆನಪಿಡಬೇಕಾದ್ದು ಗಡಿಯಾರ. ಹೊರಬಿದ್ದ ತಕ್ಷಣ ಆ ತತ್ತಿಗೆ ಸೋಂಕು ಹರಡುವ ಶಕ್ತಿ ಇರುವುದಿಲ್ಲ. ಗಾಳಿ, ತೇವ, ಬೆಚ್ಚಗಿನ ಜಾಗ ಸಿಕ್ಕಿ ಅದು ಬಲಿಯಬೇಕು, ಅದಕ್ಕೆ 1ರಿಂದ 5 ದಿನ ಬೇಕು. ಆದ್ದರಿಂದ ಲಿಟರ್ ಬಾಕ್ಸಿನಿಂದ (ಲಿಟರ್ ಎಂಬ ಪುಡಿ ತುಂಬಿಟ್ಟ, ಬೆಕ್ಕು ಮಲಮೂತ್ರ ಮಾಡುವ ಟ್ರೇ) 24 ಗಂಟೆಯೊಳಗೆ ಮಲ ತೆಗೆದರೆ ಮನೆಯೊಳಗಿನ ಮುಖ್ಯ ದಾರಿಯೇ ಮುಚ್ಚಿದಂತೆ. ಎರಡು ದಿನಕ್ಕೊಮ್ಮೆ ಪೂರ್ತಿ ತೊಳೆಯುತ್ತೇವೆ ಎನ್ನುವವರಿಗಿಂತ ದಿನಾ ಬರೀ ಸೌಟಿನಲ್ಲಿ ಎತ್ತಿ ಹಾಕುವವರು ಹೆಚ್ಚು ಸುರಕ್ಷಿತ. ಬೇರೆ ಯಾರಾದರೂ ಎತ್ತಿದರೆ ಇನ್ನೂ ಒಳ್ಳೆಯದು.

ಬೆಕ್ಕನ್ನು ಸವರುವುದು, ಅದು ತೊಡೆಯ ಮೇಲೆ ಮಲಗುವುದು, ಅದರ ಕೂದಲು ಬಟ್ಟೆಗೆ ಅಂಟುವುದು ಇವುಗಳಿಂದ ಈ ಸೋಂಕು ಬರುವ ಸಾಧ್ಯತೆ ತೀರಾ ಕಡಿಮೆ. ಬೆಕ್ಕು ಮೈ ನೆಕ್ಕಿ ಶುಚಿ ಮಾಡಿಕೊಳ್ಳುತ್ತಲೇ ಇರುವುದರಿಂದ ತತ್ತಿ ಬಲಿಯುವಷ್ಟು ಹೊತ್ತು ಅದರ ಕೂದಲಲ್ಲಿ ಉಳಿಯುವುದಿಲ್ಲ.

ಕಿಟಕಿಬೆಕ್ಕು:

ಬಾಕ್ಸ್ ತೊಳೆಯೋದಕ್ಕೆ ಬ್ಲೀಚ್ ಹಾಕಿದರೆ ಇನ್ನೂ ಭದ್ರ ಅಲ್ವಾ? ಎಷ್ಟು ನೀರಿಗೆ ಎಷ್ಟು ಹಾಕಬೇಕು?

ಲ್ಯಾಬ್‌ಮೇಜು:

ಬೇಡ. ಟಾಕ್ಸೊಪ್ಲಾಸ್ಮಾ ತತ್ತಿಯ ಚಿಪ್ಪು ಗಟ್ಟಿ. ಮನೆಯಲ್ಲಿ ಬಳಸುವ ಬ್ಲೀಚ್, ಫಿನಾಯಿಲ್, ವಿನೆಗರ್ ಯಾವುದಕ್ಕೂ ಅದು ಜಗ್ಗುವುದಿಲ್ಲ. ಅದರ ಮೇಲೆ, ಬೆಕ್ಕಿನ ಉಚ್ಚೆಯಲ್ಲಿ ಅಮೋನಿಯ ಇರುತ್ತದೆ. ಬ್ಲೀಚ್ ಮತ್ತು ಅಮೋನಿಯ ಸೇರಿದರೆ ಕ್ಲೋರಮೀನ್ ಎಂಬ ಗಾಳಿ ಹುಟ್ಟಿ ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಡುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಬಸುರಿ ಇದನ್ನು ಉಸಿರಾಡುವುದು ಖಂಡಿತ ಬೇಡ.

ಆ ತತ್ತಿಗೆ ಮದ್ದು ಬಿಸಿ. ಬಾಕ್ಸ್ ಖಾಲಿ ಮಾಡಿ, ಕುದಿಯುವ ನೀರು ತುಂಬಿ ಐದು ನಿಮಿಷ ಬಿಡಿ, ಆಮೇಲೆ ಸೋಪು ಹಾಕಿ ಉಜ್ಜಿ. ತೆಳು ಪ್ಲಾಸ್ಟಿಕ್ ಬಾಕ್ಸ್ ಕುದಿನೀರಿಗೆ ಸೊಟ್ಟಗಾಗುತ್ತದೆ, ಸ್ಟೀಲ್ ಟ್ರೇ ತಡೆಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಇನ್ನೊಂದು ತೊಂದರೆ ಎಂದರೆ ಬೆಕ್ಕು ಕೆರೆದ ಗೀರುಗಳಲ್ಲಿ ಕೊಳೆ ಕೂರುವುದು. ತೊಳೆಯುವ ಕೆಲಸ ಅಡುಗೆಮನೆ ಸಿಂಕಿನಲ್ಲಿ ಖಂಡಿತ ಬೇಡ.

ಲಿಟರನ್ನು ಕಮೋಡಿಗೆ ಸುರಿಯಬೇಡಿ. ತತ್ತಿಗಳು ಚರಂಡಿ ನೀರಿನಲ್ಲೂ ಬದುಕುತ್ತವೆ. ಕ್ಯಾಲಿಫೋರ್ನಿಯಾ ಕರಾವಳಿಯ ಕಡಲ ನೀರುನಾಯಿಗಳು ಇದೇ ಸೋಂಕಿನಿಂದ ಸತ್ತಿವೆ. ದಡದ ಬೆಕ್ಕುಗಳ ಮಲ ಹರಿಯುವ ನೀರಿನ ಜೊತೆ ಕಡಲು ಸೇರಿದ್ದೇ ಅದರ ಮೂಲ. ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಗೊಬ್ಬರದ ಗುಂಡಿಗೂ ಬೇಡ.

ಕಿಟಕಿಬೆಕ್ಕು:

ಸರಿ, ತಿದ್ದಿಕೊಂಡೆ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಬಸುರಿಯೇ ಬಾಕ್ಸ್ ಎತ್ತಬೇಕು ಅಂದರೆ? ಈ ಪ್ರಶ್ನೆ ಸುಮಾರು ಜನರಿಗೆ ಇರುತ್ತೆ.

ನಡುಮನೆ:

ಎತ್ತಬಹುದು, ಕ್ರಮ ಬಿಡಬಾರದು ಅಷ್ಟೆ. ದಿನಾ ಒಂದೇ ಹೊತ್ತಿಗೆ ಮಾಡಿದರೆ 24 ಗಂಟೆಯ ಲೆಕ್ಕ ತಪ್ಪುವುದಿಲ್ಲ. ಒಮ್ಮೆ ಬಳಸಿ ಬಿಸಾಡುವ ಗ್ಲೌಸ್ ಹಾಕಿಕೊಳ್ಳಿ. ಲಿಟರ್ ಒಣಗಿ ಧೂಳೇಳುವ ಬಗೆಯದಾದರೆ ಮಾಸ್ಕ್ ಹಾಕಿ. ಹೊಸ ಲಿಟರ್ ಸುರಿಯುವಾಗ ಚೀಲವನ್ನು ಬಾಕ್ಸಿನ ಹತ್ತಿರ ತಗ್ಗಿಸಿ ನಿಧಾನವಾಗಿ ಸುರಿಯಿರಿ, ಮೇಲಿಂದ ಸುರಿದರೆ ಧೂಳು ಮುಖಕ್ಕೇ ಬರುತ್ತದೆ. ಮಲವನ್ನೂ ಉಚ್ಚೆಯ ಉಂಡೆಗಳನ್ನೂ ಸೌಟಿನಲ್ಲಿ ಎತ್ತಿ ಚೀಲಕ್ಕೆ ಹಾಕಿ. ಗ್ಲೌಸನ್ನು ಒಳಗು ಹೊರಗಾಗುವಂತೆ ಕಳಚಿ ಅದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ, ಉಗುರಿನ ಸಂದಿ ಸೇರಿಸಿ. ಗ್ಲೌಸ್ ಹಾಕಿದ್ದೆ ಅಂತ ಕೈ ತೊಳೆಯದೆ ಬಿಡುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು. ಕಳಚುವಾಗಲೇ ಬೆರಳಿಗೆ ತಗುಲಿರುತ್ತದೆ.

ಉಂಡೆಯಾಗುವ ಲಿಟರ್ 5ರಿಂದ 7 ಸೆಂ.ಮೀ. ಆಳ ಇರಲಿ. ಕಡಿಮೆ ಇದ್ದರೆ ಉಚ್ಚೆ ತಳಕ್ಕೆ ಇಳಿದು ಅಂಟಿಕೊಳ್ಳುತ್ತದೆ, ಆಗ ಕೆರೆದು ತೆಗೆಯುವ ಕೆಲಸ ಬರುತ್ತದೆ, ಕೆರೆದರೆ ಧೂಳು. ಬಾಕ್ಸಿನ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ. ಬಾಕ್ಸ್ ಸಾಲದಿದ್ದರೆ ಬೆಕ್ಕು ಬೇರೆ ಕಡೆ ಹೋಗುತ್ತದೆ. ಆ ಬೇರೆ ಕಡೆ ಎಲ್ಲಿ ಅನ್ನುವುದು ಮೊಲ ಇರುವ ಮನೆಗಳಲ್ಲಿ ದೊಡ್ಡ ಪ್ರಶ್ನೆ. ಹಸಿರುಹುಲ್ಲು ಅವರು ಹೇಳಿದರೆ ಚೆನ್ನ.

ಹಸಿರುಹುಲ್ಲು:

ಹೌದು, ನಾನೂ ಅಲ್ಲಿಗೇ ಬರಬೇಕು ಅಂತಿದ್ದೆ.

ಮೊದಲು ಮೊಲದ ಪಾತ್ರ ಸ್ಪಷ್ಟವಾಗಲಿ. ಮೊಲಕ್ಕೂ ಟಾಕ್ಸೊಪ್ಲಾಸ್ಮಾ ತಗುಲುತ್ತದೆ. 1908ರಲ್ಲಿ ಈ ಜೀವಿಯನ್ನು ಮೊದಲು ಗುರುತಿಸಿದ್ದೇ ಎರಡು ಕಡೆ, ಟ್ಯುನೀಸಿಯದಲ್ಲಿ ಗುಂಡಿ ಎಂಬ ಇಲಿಯಂಥ ಪ್ರಾಣಿಯಲ್ಲಿ, ಬ್ರೆಜಿಲ್‌ನಲ್ಲಿ ಮೊಲದಲ್ಲಿ. ಬೆಕ್ಕಿನ ಪಾತ್ರ ಖಚಿತವಾದದ್ದು ಅದಾಗಿ ಅರವತ್ತು ವರ್ಷದ ಮೇಲೆ, 1970ರ ಸುಮಾರಿಗೆ. ಆದರೆ ಮೊಲದ ಮೈಯಲ್ಲಿ ಈ ಜೀವಿ ಸ್ನಾಯುಗಳಲ್ಲಿ, ಮಿದುಳಿನಲ್ಲಿ ಗಂಟು ಕಟ್ಟಿ ಕೂರುತ್ತದೆಯೇ ಹೊರತು ಹಿಕ್ಕೆಯಲ್ಲಿ ತತ್ತಿಯಾಗಿ ಹೊರಗೆ ಬರುವುದಿಲ್ಲ. ತತ್ತಿ ಹೊರಹಾಕುವುದು ಬೆಕ್ಕಿನ ಜಾತಿ ಮಾತ್ರ. ಮೊಲದ ಹಿಕ್ಕೆಯಿಂದ ಬಸುರಿಗೆ ಟಾಕ್ಸೊಪ್ಲಾಸ್ಮಾ ಬರಲಾರದು.

ಈ ಮಾತಿಗೆ ಒಂದು ಷರತ್ತಿದೆ. ಆ ಟ್ರೇಗೆ ಬೆಕ್ಕು ಹೋಗಿರಬಾರದು. ಮೊಲದ ಟ್ರೇ ಅಂದರೆ ಕಾಗದದ ಗುಳಿಗೆ, ಅದರ ಮೇಲೆ ಒಣಹುಲ್ಲು, ಮೆತ್ತಗೆ, ಕೆರೆಯಲು ಹಿತವಾಗಿ ಇರುತ್ತದೆ. ಬೆಕ್ಕಿಗೆ ಇದಕ್ಕಿಂತ ಒಳ್ಳೆ ಜಾಗ ಬೇಡ. ಮೊಲದ ಟ್ರೇ ಎರಡು ಮೂರು ದಿನಕ್ಕೊಮ್ಮೆ ಎತ್ತುವವರೇ ಹೆಚ್ಚು, ಅದರಲ್ಲಿ ಹಿಕ್ಕೆ ತುಂಬಿರುವುದರಿಂದ ಹುಲ್ಲಿನ ಕೆಳಗೆ ಬೆಕ್ಕು ಮುಚ್ಚಿಟ್ಟದ್ದು ಕಣ್ಣಿಗೆ ಬೀಳುವುದೂ ಇಲ್ಲ. "ಮೊಲದ್ದು ತಾನೆ" ಅಂತ ಬಸುರಿಯೇ ಬರಿಗೈಯಲ್ಲಿ ಖಾಲಿ ಮಾಡುತ್ತಾಳೆ. ಬೆಕ್ಕಿನ ಬಾಕ್ಸಿಗೆ ಅಷ್ಟೆಲ್ಲ ಜಾಗ್ರತೆ ಮಾಡಿ ಇಲ್ಲಿ ಎಡವುವುದು ಹೀಗೆ.

ಬೆಕ್ಕು ಹೋಗಬಲ್ಲ ಜಾಗದಲ್ಲಿ ಇರುವ ಯಾವುದೇ ಟ್ರೇಯನ್ನು ಬೆಕ್ಕಿನ ಬಾಕ್ಸ್ ಅಂತಲೇ ಲೆಕ್ಕ ಹಾಕಿ. ದಿನಾ ಖಾಲಿ, ಗ್ಲೌಸ್, ಕುದಿನೀರು. ಅದು ಕಷ್ಟ ಎಂದರೆ ಬೆಕ್ಕು ಹೋಗದಂತೆ ಕಟ್ಟಬೇಕು. ಮೊಲದ ಆವರಣಕ್ಕೆ ಸುತ್ತ ಬೇಲಿ ಸಾಲದು, ಬೆಕ್ಕು ಹಾರುತ್ತದೆ. ಮೇಲೂ ಜಾಲರಿ ಮುಚ್ಚಬೇಕು.

ಒಣಹುಲ್ಲಿನ ಚೀಲ ಬಿಚ್ಚಿಡುವುದೂ ಅಷ್ಟೇ ತಪ್ಪು. ಬೆಕ್ಕು ಅದರ ಮೇಲೆ ಮಲಗಿ, ಒಮ್ಮೊಮ್ಮೆ ಅಲ್ಲೇ ಕೆಲಸ ಮುಗಿಸುತ್ತದೆ. ತೇವ ಇದ್ದ ಕಡೆ ತತ್ತಿ ತಿಂಗಳುಗಟ್ಟಲೆ ಬದುಕುತ್ತದೆ. ಹುಲ್ಲನ್ನು ಮುಚ್ಚಳ ಇರುವ ಡಬ್ಬದಲ್ಲಿಡಿ, ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತುಗಳಿರಲಿ, ಪೂರ್ತಿ ಬಿಗಿ ಮಾಡಿದರೆ ಬೂಸ್ಟು ಹಿಡಿಯುತ್ತದೆ.

ತಿರುವುಮುರುವಾಗಿಯೂ ತೊಂದರೆ ಇದೆ. ಮೊಲ ಬೆಕ್ಕಿನ ಬಾಕ್ಸಿಗೆ ಇಳಿದರೆ ಉಂಡೆಯಾಗುವ ಮಣ್ಣಿನ ಲಿಟರ್ ತಿನ್ನುತ್ತದೆ, ಅದು ಕರುಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಎರಡು ಪ್ರಾಣಿ ಓಡಾಡುವ ಕೋಣೆಯಲ್ಲಿ ಆ ಬಗೆಯ ಲಿಟರೇ ಬೇಡ, ಕಾಗದದ ಗುಳಿಗೆ ಇಬ್ಬರಿಗೂ ಆಗುತ್ತದೆ.

ಕಿಟಕಿಬೆಕ್ಕು:

ಟ್ರೇ ಖಾಲಿ ಮಾಡುವಾಗ ಬೆಕ್ಕಿನದು ಕಂಡರೆ?

ಹಸಿರುಹುಲ್ಲು:

ಅದೊಂದನ್ನೇ ಎತ್ತಿ ಬಿಡಬೇಡಿ. ಎಷ್ಟು ದಿನದ್ದು ಅಂತ ತಿಳಿಯುವುದಿಲ್ಲವಲ್ಲ. ಟ್ರೇಯಲ್ಲಿರುವ ಅಷ್ಟನ್ನೂ ಹುಲ್ಲಿನ ಸಮೇತ ಚೀಲಕ್ಕೆ ಹಾಕಿ. ಆಮೇಲೆ ಲ್ಯಾಬ್‌ಮೇಜು ಹೇಳಿದ ಹಾಗೆ ಕುದಿನೀರು, ಐದು ನಿಮಿಷ. ಮೊಲದ ಉಚ್ಚೆಯಲ್ಲಿ ಸುಣ್ಣದಂಶ ಹೆಚ್ಚು, ಟ್ರೇ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಕೆರೆಯಲು ಹೋಗದೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಹಾಕಿ ಅರ್ಧ ಗಂಟೆ ಬಿಟ್ಟರೆ ಕರಗಿ ಬಿಡುತ್ತದೆ. ವಿನೆಗರ್ ಪೊರೆಗೆ, ಕುದಿನೀರು ತತ್ತಿಗೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಪಶುವೈದ್ಯೆ:

ಕ್ಲಿನಿಕ್ಕಿಗೆ "ಬೆಕ್ಕಿಗೆ ಟೆಸ್ಟ್ ಮಾಡಿ, ಸೋಂಕಿಲ್ಲ ಅಂತ ಬರೆದುಕೊಡಿ" ಎಂದು ಕೇಳಿಕೊಂಡು ಬರುವವರಿಗಾಗಿ ಈ ಮಾತು. ಬೆಕ್ಕಿನ ರಕ್ತದಲ್ಲಿ ಪ್ರತಿಕಾಯ ಕಂಡರೆ, ಅಂದರೆ ಪಾಸಿಟಿವ್ ಬಂದರೆ, ಅದಕ್ಕೆ ಹಿಂದೆಯೇ ಸೋಂಕಾಗಿದೆ, ತತ್ತಿ ಹಾಕುವ ಕಾಲ ಬಹುಪಾಲು ಮುಗಿದಿದೆ ಎಂದರ್ಥ. ನೆಗೆಟಿವ್ ಬಂದ ಬೆಕ್ಕಿಗೆ ನಾಳೆ ಒಂದು ಇಲಿ ಸಿಕ್ಕರೆ ಸೋಂಕು ತಗುಲಬಹುದು. ಜನ ಅಂದುಕೊಳ್ಳುವುದಕ್ಕೆ ಇದು ಪೂರ್ತಿ ಉಲ್ಟಾ. ಮಲದ ಪರೀಕ್ಷೆಯೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಆ ಒಂದೆರಡು ವಾರದಲ್ಲೇ ಮಾದರಿ ಸಿಕ್ಕರೆ ಮಾತ್ರ ಕಾಣುತ್ತದೆ. ರಿಪೋರ್ಟ್ ಏನೇ ಬರಲಿ, ಮಾಡಬೇಕಾದ ಕೆಲಸ ಅದೇ ಇರುತ್ತದೆ.

ಬೆಕ್ಕನ್ನು ಮನೆಯೊಳಗೇ ಇರಿಸಿ. ಹಸಿ ಮಾಂಸ ಹಾಕಬೇಡಿ, ಬೇಯಿಸಿದ್ದು ಅಥವಾ ಡಬ್ಬಿ ಆಹಾರ ಕೊಡಿ. ಗರ್ಭದ ಒಂಬತ್ತು ತಿಂಗಳಲ್ಲಿ ಹೊಸ ಮರಿ ತರಬೇಡಿ, ಬೀದಿಯಿಂದ ಬಂದ ಮರಿಯನ್ನಂತೂ ಬೇಡವೇ ಬೇಡ. ತತ್ತಿ ಹಾಕುವ ವಯಸ್ಸು ಅದೇ, ಪರಚುವ ವಯಸ್ಸೂ ಅದೇ.

ಇಲ್ಲಿ ಯಾರೂ ಎತ್ತದ ವಿಷಯ ಪ್ರಾಣಿಗಳ ಔಷಧ. ಥೈರಾಯ್ಡ್ ಹೆಚ್ಚಿರುವ ವಯಸ್ಸಾದ ಬೆಕ್ಕಿಗೆ ಕೊಡುವ ಮೆಥಿಮಜೋಲ್ ಮನುಷ್ಯರ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಬಸುರಿ ಆ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ಕಿವಿಗೆ ಹಚ್ಚುವ ಜೆಲ್ ಆದರೆ ಮುಟ್ಟಲೇಬಾರದು, ಚರ್ಮದ ಮೂಲಕ ಒಳಹೋಗಲಿ ಅಂತಲೇ ಅದನ್ನು ತಯಾರಿಸಿರುತ್ತಾರೆ. ಆ ಬೆಕ್ಕಿನ ಲಿಟರನ್ನೂ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಹುಳುಕಡ್ಡಿಗೆ ಕೆಲವು ಕಡೆ ಇನ್ನೂ ಬಳಸುವ ಗ್ರಿಸಿಯೊಫುಲ್ವಿನ್ ಕೂಡ ಹೀಗೆಯೇ. ಔಷಧ ಬರೆಸಿಕೊಳ್ಳುವಾಗ ಮನೆಯಲ್ಲಿ ಬಸುರಿ ಇದ್ದಾರೆ ಎಂದು ವೆಟ್‌ಗೆ ಬಾಯಿಬಿಟ್ಟು ಹೇಳಿ. ನಾವು ಕೇಳಬೇಕು, ಎಲ್ಲ ಸಲ ನೆನಪಾಗುವುದಿಲ್ಲ.

ಚಿಗಟದ ಔಷಧದಲ್ಲಿ ಎರಡು ಅಪಾಯ. ಕುತ್ತಿಗೆಗೆ ಹನಿಸುವ ಫಿಪ್ರೊನಿಲ್ ಬೆಕ್ಕಿಗೆ ಸರಿ, ಮೊಲಕ್ಕೆ ವಿಷ, ಸೆಳವು ಬಂದು ಸಾಯಬಹುದು. ನಾಯಿಗೆ ಹಾಕುವ ಗಟ್ಟಿ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಒಂದರ ಔಷಧ ಉಳಿದಿದೆ ಅಂತ ಇನ್ನೊಂದಕ್ಕೆ ಹಾಕಬಾರದು.

ಸೂಲಗಿತ್ತಿ:

ನಾನು ತಾಯಂದಿರ ಕಡೆಯಿಂದ ಹೇಳುತ್ತೇನೆ. ಎಲ್ಲರ ಕಣ್ಣೂ ಬೆಕ್ಕಿನ ಮೇಲೆ, ಆದರೆ ಈ ಸೋಂಕು ಹೆಚ್ಚಾಗಿ ಬರುವುದು ತಟ್ಟೆಯಿಂದ. ಯುರೋಪಿನ ಆರು ಊರುಗಳ ಗರ್ಭಿಣಿಯರನ್ನು ಸೇರಿಸಿ ಮಾಡಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 30ರಿಂದ 63ರಷ್ಟು ಸೋಂಕಿಗೆ ಸರಿಯಾಗಿ ಬೇಯದ ಅಥವಾ ಹದ ಮಾಡಿ ಒಣಗಿಸಿದ ಮಾಂಸ ಕಾರಣ ಎಂದು ಕಂಡಿತು, ಶೇ 6ರಿಂದ 17ಕ್ಕೆ ಮಣ್ಣು. ಬೆಕ್ಕಿನ ಒಡನಾಟ ಅಪಾಯದ ಪಟ್ಟಿಗೇ ಬರಲಿಲ್ಲ. ಬೆಕ್ಕನ್ನು ಮನೆಯಿಂದ ಕಳಿಸಿ, ಅರೆಬೆಂದ ಮಾಂಸ ತಿಂದರೆ ಏನೂ ಪ್ರಯೋಜನವಿಲ್ಲ.

ಮಾಂಸದ ಒಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ಇಡೀ ತುಂಡಿನ ನಡುವೆ 63 ಡಿಗ್ರಿ ಸೆಲ್ಸಿಯಸ್ ಬಂದ ಮೇಲೆ ಮೂರು ನಿಮಿಷ ಬಿಡಿ. ಕೊಚ್ಚಿದ ಮಾಂಸಕ್ಕೆ 71, ಕೋಳಿಗೆ 74. ಮೈನಸ್ 18ರಲ್ಲಿ ಹಲವು ದಿನ ಇಟ್ಟರೆ ಮಾಂಸದೊಳಗಿನ ಗಂಟುಗಳು ಬಹುಮಟ್ಟಿಗೆ ಸಾಯುತ್ತವೆ. ಲಿಟರ್ ಅಥವಾ ಮಣ್ಣಿನಲ್ಲಿರುವ ತತ್ತಿಗೆ ಈ ಚಳಿಯನ್ನು ನಂಬಬೇಡಿ.

ಸೊಪ್ಪು, ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಉಪ್ಪುನೀರಿನಲ್ಲಿ, ವಿನೆಗರ್ ನೀರಿನಲ್ಲಿ ನೆನೆಸಿಟ್ಟರೆ ತತ್ತಿ ಸಾಯುವುದಿಲ್ಲ, ಅದನ್ನು ತೊಳೆದು ಕಳಿಸಬೇಕು. ಮೊಲಕ್ಕೆ ತಂದ ಸೊಪ್ಪಿಗೂ ಇದೇ ಮಾತು, ಯಾಕೆಂದರೆ ಅದನ್ನು ಹೆಚ್ಚುವುದು ಅದೇ ಮಣೆಯ ಮೇಲೆ, ಅದೇ ಚಾಕುವಿನಲ್ಲಿ. ಗಿಡಕ್ಕೆ ಮಣ್ಣು ಹಾಕುವಾಗ ಗ್ಲೌಸ್ ಇರಲಿ. ತೋಟದ ಮಣ್ಣು ಊರಿನ ಎಲ್ಲ ಬೆಕ್ಕುಗಳ ಲಿಟರ್ ಬಾಕ್ಸ್.

ಕಿಟಕಿಬೆಕ್ಕು:

ಹಾಗಾದರೆ ಪರೀಕ್ಷೆ ಮಾಡಿಸಬೇಕಾದ್ದು ಬೆಕ್ಕಿಗಲ್ಲ, ತಾಯಿಗೆ. ಯಾವಾಗ?

ಸೂಲಗಿತ್ತಿ:

ಸಾಧ್ಯವಾದರೆ ಗರ್ಭ ಧರಿಸುವ ಮೊದಲೇ, ಇಲ್ಲದಿದ್ದರೆ ಮೊದಲ ಭೇಟಿಯಲ್ಲೇ ವೈದ್ಯರನ್ನು ಕೇಳಿ. ಎಲ್ಲ ದೇಶಗಳಲ್ಲೂ ಇದು ಕಡ್ಡಾಯವಲ್ಲ. ಆಸ್ಟ್ರಿಯಾದಲ್ಲಿ 1975ರಿಂದ, ಫ್ರಾನ್ಸಿನಲ್ಲಿ 1978ರಿಂದ ಎಲ್ಲ ಗರ್ಭಿಣಿಯರಿಗೂ ಮಾಡುತ್ತಾ ಬಂದಿದ್ದಾರೆ, ಬೇರೆ ಹಲವು ದೇಶಗಳಲ್ಲಿ ಕೇಳಿದರೆ ಮಾತ್ರ. ಹಳೆಯ ಸೋಂಕು ಇತ್ತು ಅಂತ ಬಂದರೆ ನೆಮ್ಮದಿ, ರೋಗನಿರೋಧಕ ಶಕ್ತಿ ಸರಿಯಿರುವ ತಾಯಿಯ ಮಗುವಿಗೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಇದುವರೆಗೆ ಸೋಂಕೇ ಆಗಿಲ್ಲ ಅಂತ ಬಂದವರು ಇಲ್ಲಿ ಹೇಳಿದ ಎಲ್ಲ ಜಾಗ್ರತೆಯನ್ನೂ ಪಾಲಿಸಬೇಕು.

ಲ್ಯಾಬ್‌ಮೇಜು:

ರಿಪೋರ್ಟ್ ಓದುವಾಗ ಆಗುವ ಅನಾಹುತದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಇದರಿಂದ ಸುಮ್ಮನೆ ಗರ್ಭವನ್ನೇ ಕಳೆದುಕೊಳ್ಳುವ ಯೋಚನೆಗೆ ಹೋಗುವವರಿದ್ದಾರೆ.

ರಿಪೋರ್ಟಿನಲ್ಲಿ ಎರಡು ಸಾಲು ಇರುತ್ತವೆ, ಐಜಿಜಿ ಮತ್ತು ಐಜಿಎಂ ಎಂಬ ಎರಡು ಬಗೆಯ ಪ್ರತಿಕಾಯಗಳದ್ದು. ಎರಡೂ ನೆಗೆಟಿವ್ ಇದ್ದರೆ ಸೋಂಕು ಆಗಿಲ್ಲ. ಐಜಿಜಿ ಮಾತ್ರ ಪಾಸಿಟಿವ್ ಇದ್ದರೆ ಹಳೆಯದು. ಗೊಂದಲ ಐಜಿಎಂ ಪಾಸಿಟಿವ್ ಬಂದಾಗ. "ಐಜಿಎಂ ಅಂದರೆ ಹೊಸ ಸೋಂಕು" ಎಂದು ಎಲ್ಲ ಕಡೆ ಬರೆದಿರುತ್ತದೆ. ಟಾಕ್ಸೊಪ್ಲಾಸ್ಮಾದಲ್ಲಿ ಐಜಿಎಂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೇಲೆ ಉಳಿಯುತ್ತದೆ. ಸುಳ್ಳು ಪಾಸಿಟಿವ್ ಕೂಡ ಬರುತ್ತದೆ. ಆ ಒಂದೇ ಸಾಲನ್ನು ನೋಡಿ ಯಾವ ತೀರ್ಮಾನವನ್ನೂ ಮಾಡಬಾರದು.

ಮುಂದಿನ ಹೆಜ್ಜೆ ಐಜಿಜಿ ಅವಿಡಿಟಿ ಪರೀಕ್ಷೆ. ಪ್ರತಿಕಾಯ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಅದು ಅಳೆಯುತ್ತದೆ. ಹೊಸ ಸೋಂಕಿನಲ್ಲಿ ಹಿಡಿತ ಸಡಿಲ, ತಿಂಗಳು ಕಳೆದಂತೆ ಬಿಗಿ. ಅವಿಡಿಟಿ ಹೆಚ್ಚು ಅಂತ ಬಂದರೆ ಸೋಂಕು ತಗುಲಿ ಸುಮಾರು ನಾಲ್ಕು ತಿಂಗಳಾದರೂ ಆಗಿದೆ. ಆದ್ದರಿಂದ ಈ ಪರೀಕ್ಷೆ ಗರ್ಭದ ಮೊದಲ 16 ವಾರದಲ್ಲಿ ಮಾಡಿಸಿದರೆ ತುಂಬಾ ಬೆಲೆ, ಆಗ "ಗರ್ಭಕ್ಕೆ ಮೊದಲಿನದು" ಎಂದು ಹೇಳಬಹುದು. ಏಳನೇ ತಿಂಗಳಲ್ಲಿ ಮಾಡಿಸಿದರೆ ಅಷ್ಟು ಗಟ್ಟಿಯಾಗಿ ಹೇಳಲಾಗದು. ಇನ್ನೊಂದು ಮಾತು, ಅವಿಡಿಟಿ ಕಡಿಮೆ ಬಂದ ಮಾತ್ರಕ್ಕೆ ಹೊಸ ಸೋಂಕು ಎಂದು ಸಾಬೀತಾಗುವುದಿಲ್ಲ, ಕೆಲವರಲ್ಲಿ ಹಿಡಿತ ಬಿಗಿಯಾಗುವುದೇ ನಿಧಾನ. ಎರಡು ಮೂರು ವಾರ ಬಿಟ್ಟು ಇನ್ನೊಂದು ಮಾದರಿ ಕೊಟ್ಟು, ಎರಡನ್ನೂ ಒಂದೇ ಲ್ಯಾಬಿನಲ್ಲಿ ಒಟ್ಟಿಗೆ ನೋಡಿಸಬೇಕು.

ಸೂಲಗಿತ್ತಿ:

ಅದಕ್ಕೆ ಸೇರಿಸುತ್ತೇನೆ. ಹೊಸ ಸೋಂಕು ನಿಜ ಅಂತಾದರೂ ಮಗುವಿಗೆ ದಾಟಿಯೇ ದಾಟುತ್ತದೆ ಎಂದೇನಿಲ್ಲ. ಮೊದಲ ಮೂರು ತಿಂಗಳಲ್ಲಿ ದಾಟುವ ಸಂಭವ ಕಡಿಮೆ, ದಾಟಿದರೆ ಪೆಟ್ಟು ಜೋರು: ಗರ್ಭಪಾತ, ಮಿದುಳಿನಲ್ಲಿ ನೀರು ತುಂಬುವುದು, ಕಣ್ಣಿನ ಅಕ್ಷಿಪಟಕ್ಕೆ ಗಾಯ. ಕೊನೆಯ ಮೂರು ತಿಂಗಳಲ್ಲಿ ದಾಟುವ ಸಂಭವ ಅರ್ಧಕ್ಕಿಂತ ಹೆಚ್ಚು, ಆದರೆ ಹೆಚ್ಚಿನ ಮಕ್ಕಳು ಹುಟ್ಟುವಾಗ ಚೆನ್ನಾಗಿಯೇ ಕಾಣುತ್ತವೆ. ಅಂಥ ಮಕ್ಕಳ ಕಣ್ಣನ್ನು ವರ್ಷಗಟ್ಟಲೆ ತೋರಿಸುತ್ತಿರಬೇಕು. 18 ವಾರದ ಒಳಗಾದರೆ ಸಾಮಾನ್ಯವಾಗಿ ಸ್ಪೈರಾಮೈಸಿನ್ ಕೊಡುತ್ತಾರೆ, 18 ವಾರ ಕಳೆದ ಮೇಲೆ ಗರ್ಭಜಲ ತೆಗೆದು ಪಿಸಿಆರ್ ಮಾಡಿ ಮಗುವಿಗೆ ದಾಟಿದೆಯೇ ನೋಡುತ್ತಾರೆ. ದಾಟಿದ್ದರೆ ಪೈರಿಮೆಥಮೀನ್, ಸಲ್ಫಾಡಯಜೀನ್, ಜೊತೆಗೆ ಫೋಲಿನಿಕ್ ಆಮ್ಲ. ಇದು ತಜ್ಞರ ಕೈಯಲ್ಲಿ ನಡೆಯಬೇಕಾದ ಚಿಕಿತ್ಸೆ, ಹೆಸರು ಗೊತ್ತಿರಲಿ ಅಂತಷ್ಟೆ ಬರೆದೆ.

ಕುತ್ತಿಗೆಯ ಗಂಟು ಊದಿಕೊಂಡು, ಸಣ್ಣ ಜ್ವರ, ಸುಸ್ತು ವಾರಗಟ್ಟಲೆ ಇದ್ದರೆ ಹೇಳದೆ ಬಿಡಬೇಡಿ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ ಅನ್ನುವುದೂ ನಿಜ.

ನಡುಮನೆ:

ಕಚ್ಚುವುದು, ಪರಚುವುದರ ಬಗ್ಗೆ ಯಾರಾದರೂ ಬರೆಯಿರಿ.

ಪಶುವೈದ್ಯೆ:

ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಮೇಲೆ ಸಣ್ಣ ಚುಕ್ಕೆ, ಒಳಗೆ ಆಳ. ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯ ಒಳಗೆ ಸೇರಿ ಒಂದು ದಿನದೊಳಗೆ ಕೈ ಊದಿ ಕೆಂಪಗಾಗುತ್ತದೆ. ನಾಯಿ ಕಡಿತಕ್ಕಿಂತ ಬೆಕ್ಕಿನ ಕಡಿತ ಹೆಚ್ಚಾಗಿ ಕೀವಾಗುತ್ತದೆ. ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಯೇ ತೊಳೆಯಿರಿ, ಅಂದಾಜಿನ ಹದಿನೈದು ನಿಮಿಷ ಎರಡೇ ನಿಮಿಷ ಆಗಿರುತ್ತದೆ. ಬಟ್ಟೆ ಬಿಗಿದು ಕಟ್ಟಬೇಡಿ. ಅದೇ ದಿನ ವೈದ್ಯರಲ್ಲಿಗೆ ಹೋಗಿ, ಬಸುರಿ ಎಂದು ಮೊದಲು ಹೇಳಿ, ಡಾಕ್ಸಿಸೈಕ್ಲಿನ್‌ನಂಥ ಕೆಲವು ಆಂಟಿಬಯಾಟಿಕ್ ಆಗ ಕೊಡಬಾರದು.

ರೇಬೀಸ್ ಇರುವ ನಾಡಿನಲ್ಲಿ ಲಸಿಕೆಯನ್ನು ಗರ್ಭದ ಕಾರಣಕ್ಕೆ ಮುಂದೂಡುವುದು ದೊಡ್ಡ ತಪ್ಪು. ರೇಬೀಸ್ ಲಸಿಕೆ, ಇಮ್ಯುನೊಗ್ಲೊಬ್ಯುಲಿನ್ ಎರಡನ್ನೂ ಬಸುರಿಯರಿಗೆ ಕೊಡಬಹುದು. ರೋಗ ಬಂದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಹೊರಗೆ ಓಡಾಡುವ, ಲಸಿಕೆ ಗೊತ್ತಿಲ್ಲದ ಬೆಕ್ಕು ಪರಚಿದ್ದರೂ ಕೇಳಿಯೇ ನಿರ್ಧರಿಸಿ.

ಚಿಗಟ ಇರುವ ಮರಿ ಪರಚಿದರೆ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯ ತಗುಲಬಹುದು. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿನಲ್ಲಿ ಕೂತಿರುತ್ತದೆ, ಅದೇ ಗಾಯಕ್ಕೆ ಇಳಿಯುವುದು. ಚಿಗಟ ಕಳೆದರೆ ಈ ದಾರಿಯೂ ಮುಚ್ಚಿತು. ಉಗುರನ್ನು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ, ಒಳಗೆ ಕಾಣುವ ಗುಲಾಬಿ ಭಾಗಕ್ಕೆ 2 ಮಿ.ಮೀ. ಮುಂಚೆ ನಿಲ್ಲಿಸಿ.

ಬೆಕ್ಕು ಮರಿ ಹಾಕುವಾಗ ಬಸುರಿ ಹತ್ತಿರ ಇರುವುದು ಬೇಡ. ಕ್ಯೂ ಜ್ವರದ ಬ್ಯಾಕ್ಟೀರಿಯ ಹೆರಿಗೆಯ ನೀರು, ಮಾಸುಗಳಲ್ಲಿ ತುಂಬಿರಬಹುದು, ಗಾಳಿಯಲ್ಲಿ ಹರಡುತ್ತದೆ, ಗರ್ಭಕ್ಕೆ ಕೆಟ್ಟದ್ದು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಮರಿ ಹಾಕಿದ ಬೆಕ್ಕುಗಳಿಂದ ಜನರಿಗೆ ಹರಡಿದ್ದು ದಾಖಲಾಗಿದೆ. ಸಾಧ್ಯವಾದರೆ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.

ಹಸಿರುಹುಲ್ಲು:

ಮೊಲದ ಕಡೆಯಿಂದ ಉಳಿದದ್ದು. ತಲೆ ಒಂದು ಕಡೆಗೆ ವಾಲಿಸುವ ಮೊಲಕ್ಕೆ ಎನ್ಸೆಫಲಿಟೊಜೂನ್ ಎಂಬ ಪರಾವಲಂಬಿಯ ಸೋಂಕು ಇರಬಹುದು, ಅದರ ಬೀಜಾಣು ಉಚ್ಚೆಯಲ್ಲಿ ಬರುತ್ತದೆ. ಮನುಷ್ಯರಲ್ಲಿ ಕಾಯಿಲೆ ಕಂಡಿರುವುದು ಮುಖ್ಯವಾಗಿ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ. ಹಾಗಂತ ವಾಲಿದ ಮೊಲದ ಟ್ರೇಯನ್ನು ಬಸುರಿ ಎತ್ತುವುದು ಬೇಡ. ಸಾಮಾನ್ಯ ಚಿಕಿತ್ಸೆ ಫೆನ್‌ಬೆಂಡಜೋಲ್, ಕಿಲೋಗೆ 20 ಮಿ.ಗ್ರಾಂ.ನಂತೆ 28 ದಿನ, ಅದನ್ನು ಬೇರೆಯವರು ಕುಡಿಸಲಿ.

ಮೊಲದ ಕಾಕ್ಸಿಡಿಯ ಎಂಬ ಪರಾವಲಂಬಿ ಮೊಲಕ್ಕೆ ಮಾತ್ರ, ಮನುಷ್ಯರಿಗೆ ಬರುವುದಿಲ್ಲ. ಬೆನ್ನಿನಲ್ಲಿ ಹೊಟ್ಟು ಉದುರುತ್ತಿದ್ದು, ಆ ಹೊಟ್ಟು ತಾನೇ ಅಲುಗಾಡಿದಂತೆ ಕಂಡರೆ ಅದು ಚೈಲೆಟಿಯೆಲ್ಲ ಎಂಬ ನುಸಿ. ಮೊಲವನ್ನು ಎತ್ತಿಕೊಂಡವರ ಕೈ, ಹೊಟ್ಟೆಯ ಮೇಲೆ ತುರಿಸುವ ಗುಳ್ಳೆ ಏಳುತ್ತದೆ. ಗರ್ಭದಲ್ಲಿ ಬರುವ ತುರಿಕೆ ಅಂದುಕೊಂಡು ತಿಂಗಳು ಕಳೆಯುತ್ತಾರೆ. ಮೊಲಕ್ಕೆ ಚಿಕಿತ್ಸೆಯಾದರೆ ಗುಳ್ಳೆ ತಾನಾಗಿ ಹೋಗುತ್ತದೆ. ಗುಂಡಗೆ ಕೆಂಪು ಅಂಚಿನ ಕಲೆ ಬಂದರೆ ಹುಳುಕಡ್ಡಿ, ಇದು ಬೆಕ್ಕಿನ ಮರಿಯಿಂದಲೂ ಬರುತ್ತದೆ. ಹಚ್ಚುವ ಮುಲಾಮು ವೈದ್ಯರು ಕೊಡುತ್ತಾರೆ, ನುಂಗುವ ಮಾತ್ರೆ ಕೇಳದೆ ಬೇಡ.

ಎತ್ತುವ ವಿಷಯ. ಮೊಲ ಹಿಂಗಾಲಿನಿಂದ ಒದ್ದರೆ ಹೊಟ್ಟೆಯ ಮೇಲೆ ಉದ್ದ ಗೀರು ಬೀಳುತ್ತದೆ, ಮಗುವಿಗೆ ಏನೂ ಆಗುವುದಿಲ್ಲ. ಕೈಜಾರಿ ಬಿದ್ದ ಮೊಲಕ್ಕೆ ಮಾತ್ರ ಬೆನ್ನುಮೂಳೆ ಮುರಿಯಬಹುದು. ಐದನೇ ತಿಂಗಳಾದ ಮೇಲೆ ನಿಂತು ಎತ್ತುವುದನ್ನೇ ಬಿಡಿ. ನೆಲದಲ್ಲಿ ಗೋಡೆಗೊರಗಿ ಕೂತು ಅದಾಗಿಯೇ ತೊಡೆಗೆ ಬರಲಿ. ಹುಲ್ಲಿನ, ಲಿಟರಿನ ದೊಡ್ಡ ಚೀಲವನ್ನು ಬೇರೆಯವರಿಂದ ಸಣ್ಣ ಡಬ್ಬಗಳಿಗೆ ಹಂಚಿಸಿಟ್ಟುಕೊಳ್ಳಿ. ಹೊಟ್ಟೆ ಮುಂದೆ ಬಂದ ಮೇಲೆ ಕಾಲಡಿ ಕಾಣುವುದಿಲ್ಲ, ಮೊಲ ಮಾತ್ರ ಕಾಲಿಗೇ ಸುತ್ತುತ್ತದೆ. ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಇರಲಿ, ಆ ಹೊತ್ತಿಗೆ ಎರಡೂ ಪ್ರಾಣಿ ತಮ್ಮ ಜಾಗದಲ್ಲಿರಲಿ.

ಕಿಟಕಿಬೆಕ್ಕು:

ಇದಕ್ಕೆ ನಾನೂ ಸ್ವಲ್ಪ ಸೇರಿಸಬಲ್ಲೆ. ಮಗು ಬಂದ ಮೇಲೆ ಬಾಕ್ಸಿನ ಜಾಗ ಬದಲಿಸಬೇಕು ಅಂತಿದ್ದರೆ ನಾಲ್ಕು ತಿಂಗಳು ಮೊದಲೇ ಶುರು ಮಾಡಿ. ಒಂದೇ ದಿನ ಎತ್ತಿ ಬೇರೆ ಕೋಣೆಗೆ ಇಟ್ಟರೆ ಬೆಕ್ಕು ಹಳೇ ಜಾಗದಲ್ಲೇ ನೆಲದ ಮೇಲೆ ಮಾಡುತ್ತದೆ. ದಿನಕ್ಕೊಂದು ಗೇಣು ಸರಿಸುತ್ತಾ ಹೋಗಿ. ಮಗುವಿನ ತೊಟ್ಟಿಲನ್ನು ಬೆಕ್ಕು ಹಾಸಿಗೆ ಮಾಡಿಕೊಳ್ಳುವ ಮೊದಲೇ ಆ ಕೋಣೆಯ ಬಾಗಿಲು ಹಾಕಿಡುವ ರೂಢಿ ಮಾಡಿ, ಮಗು ಮಲಗಿದಾಗ ಬೆಕ್ಕು ಒಳಗಿರಬಾರದು. ಔಷಧ ಕೊಡುವುದು, ಲಿಟರ್ ಎತ್ತುವುದು ಬೇರೆಯವರ ಪಾಲಿಗೆ ಹೋಗುವುದಿದ್ದರೆ ಅದನ್ನೂ ಈಗಲೇ ಹಂಚಿಕೊಳ್ಳಿ.

ಇನ್ನೊಂದು ಸಂದೇಹ ಪಶುವೈದ್ಯೆ ಅವರಿಗೆ. ಬೆಕ್ಕಿಗೆ ಫಿಪ್ರೊನಿಲ್ ಹನಿಸಿದ ದಿನ ಮೊಲದ ಜೊತೆ ಬಿಡಬಹುದೇ? ಎರಡೂ ಒಂದನ್ನೊಂದು ನೆಕ್ಕುವ ಜೋಡಿ ಆದರೆ?

ಪಶುವೈದ್ಯೆ:

ಬಿಡಬಾರದು. ನೆಕ್ಕಿದರೆ ಮೊಲದ ಹೊಟ್ಟೆಗೇ ಹೋಗುತ್ತದೆ. ನೆಕ್ಕುವ ಜೋಡಿ ಇರುವ ಮನೆಗೆ ಫಿಪ್ರೊನಿಲ್ಲೇ ಬೇಡ, ಎರಡಕ್ಕೂ ಆಗುವ ಸೆಲಮೆಕ್ಟಿನ್ ಬಗ್ಗೆ ನಿಮ್ಮ ವೆಟ್ ಹತ್ತಿರ ಕೇಳಿ, ಪ್ರಮಾಣ ಎರಡಕ್ಕೂ ಬೇರೆ. ಈಗಾಗಲೇ ಹನಿಸಿದ್ದರೆ ಕನಿಷ್ಠ 48 ಗಂಟೆ ಬೇರೆ ಕೋಣೆಯಲ್ಲಿಡಿ. ಹನಿಸುವುದು ಮನೆಯ ಬೇರೆಯವರ ಕೆಲಸ, ಒಣಗುವ ತನಕ ಬಸುರಿ ಆ ಬೆಕ್ಕಿನ ಕುತ್ತಿಗೆ ಸವರುವುದು ಬೇಡ. ಮೊಲ ನೆಕ್ಕಿದೆ ಅನ್ನುವ ಅನುಮಾನ ಬಂದರೆ, ಮೇವು ಬಿಟ್ಟು ಮಂಕಾಗುವವರೆಗೆ ಕಾಯದೆ ಆಗಲೇ ಕರೆದುಕೊಂಡು ಬನ್ನಿ, ಔಷಧದ ಖಾಲಿ ಕೊಳವೆಯನ್ನೂ ಜೊತೆಗೆ ತನ್ನಿ.